ವಿಜ್ಞಾನ ಮಾಡುವವರನ್ನು ವಿಜ್ಞಾನ ಏನು ಮಾಡುತ್ತದೆ?

ಕೊಡಗಿನ ಹಳೆಯ ಕಾಫಿ ತೋಟಗಳ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದೆ. ಅಂಗಳದಾಚೆ ಮರದ ಹನಿ ತಾಗದ ಜಾಗದಲ್ಲಿ ಮಳೆಮಾಪಕ. ಬೆಳಿಗ್ಗೆ ಅದರ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಗೆ ಸುರಿದು ಇಂಚು, ಸೆಂಟುಗಳಲ್ಲಿ ಬರೆದಿಡುವುದು ಯಜಮಾನರ ಕೆಲಸ, ಇಲ್ಲವೇ ತೋಟದ ಲೆಕ್ಕ ಬರೆಯುವ ರೈಟರ ಕೆಲಸ. ನೂರು ಸೆಂಟು ಸೇರಿದರೆ ಒಂದು ಇಂಚು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಎಷ್ಟು ಬಿತ್ತು, ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಯಾವಾಗ ಬಂತು ಎಂಬುದರ ಮೇಲೆ ವರ್ಷದ ಫಸಲು ನಿಂತಿರುವಾಗ ಈ ಲೆಕ್ಕಕ್ಕೆ ಬೆಲೆ ಇದ್ದೇ ಇದೆ.

ಚೆನ್ನಾಗಿ ಇಟ್ಟ ಮಳೆ ಪುಸ್ತಕದಲ್ಲಿ ಸೊನ್ನೆ ಬೇರೆ, ಅಡ್ಡಗೆರೆ ಬೇರೆ. ಮಾಪಕ ನೋಡಿದೆ, ನೀರಿರಲಿಲ್ಲ ಎಂದರೆ ಸೊನ್ನೆ. ಮಾಪಕವನ್ನೇ ನೋಡಲಿಲ್ಲ ಎಂದರೆ ಅಡ್ಡಗೆರೆ. ಮನೆಯವರು ಮದುವೆಗೆಂದು ಎರಡು ದಿನ ಹೊರಗೆ ಹೋಗಿ ಮೂರನೆಯ ದಿನ ಬಂದು ನೋಡಿದಾಗ ಮೂರು ಇಂಚು ನೀರು ತುಂಬಿತ್ತು ಎನ್ನೋಣ. ದಿನಕ್ಕೆ ಒಂದೊಂದು ಇಂಚು ಎಂದು ಹಂಚಿ ಬರೆದರೆ ಪುಟ ನೋಡಲು ಚೆಂದ, ತಿಂಗಳ ಮೊತ್ತವೂ ಬದಲಾಗುವುದಿಲ್ಲ, ಕೇಳುವವರೂ ಇಲ್ಲ. ಆದರೆ ನಲವತ್ತು ವರ್ಷದ ನಂತರ ಯಾರೋ ಒಬ್ಬರು ಒಂದೇ ದಿನದಲ್ಲಿ ಎರಡು ಇಂಚು ದಾಟಿದ ಮಳೆ ಎಷ್ಟು ಸಲ ಬಂದಿದೆ ಎಂದು ಹುಡುಕಿದರೆ ಆ ಪುಟ ಅವರಿಗೆ ಸುಳ್ಳು ಹೇಳುತ್ತದೆ. ಹಾಗಾಗಿ ನಿಷ್ಠೆಯಿಂದ ಬರೆಯುವವರು ಎರಡು ಅಡ್ಡಗೆರೆ ಹಾಕಿ, ಮೂರನೆಯ ದಿನದ ಮುಂದೆ ಮೂರು ಇಂಚು ಎಂದು ಬರೆದು, ಪಕ್ಕದಲ್ಲಿ ‘ಮೂರು ದಿನದ್ದು’ ಎಂದು ಸೇರಿಸುತ್ತಾರೆ.

ಒಂದು ಅಡ್ಡಗೆರೆ ಹಾಕಲು ದೊಡ್ಡ ಮನುಷ್ಯರಾಗಬೇಕಿಲ್ಲ. ಆದರೆ ಅದನ್ನು ವರ್ಷಗಟ್ಟಲೆ ಹಾಕುತ್ತಾ ಬಂದವರಲ್ಲಿ ಏನೋ ಒಂದು ಬೆಳೆದಿರುತ್ತದೆ. ತಾನು ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಬೇರೆ ಬೇರೆಯಾಗಿ ಇಡುವ ರೂಢಿ ಅದು. ವಿಜ್ಞಾನ ತನ್ನವರ ಸ್ವಭಾವವನ್ನು ರೂಪಿಸುವುದು ಮುಖ್ಯವಾಗಿ ಈ ದಾರಿಯಲ್ಲಿ ಎಂಬುದು ನನ್ನ ವಾದ. ಉಪದೇಶದಿಂದ ಆಗುವ ಕೆಲಸವಲ್ಲ ಇದು. ವಿಜ್ಞಾನದ ಪಠ್ಯದಲ್ಲಿ ಪ್ರಾಮಾಣಿಕತೆಯ ಅಧ್ಯಾಯ ಇರುವುದಿಲ್ಲ. ಗಿಡ ಸವರುವ ಕಪಾತು ಕತ್ತಿ ಹಿಡಿದವರ ಅಂಗೈಯಲ್ಲಿ ಗಂಟು ಕಟ್ಟುವಂತೆ, ಮಾಡುವ ಕೆಲಸದ ಕ್ರಮವೇ ಮಾಡುವವರ ಮೇಲೆ ಗುರುತು ಬಿಡುತ್ತದೆ.

ಈ ವಿಷಯದಲ್ಲಿ ಎರಡು ಸುಲಭದ ನಂಬಿಕೆಗಳು ಚಾಲ್ತಿಯಲ್ಲಿವೆ. ವಿಜ್ಞಾನಿಗಳು ಸ್ವಭಾವತಃ ಸತ್ಯವಂತರು, ಅದಕ್ಕಾಗಿಯೇ ಆ ಕೆಲಸಕ್ಕೆ ಬರುತ್ತಾರೆ ಎಂಬುದು ಒಂದು. ವಿಜ್ಞಾನಕ್ಕೂ ಮೌಲ್ಯಗಳಿಗೂ ಸಂಬಂಧವೇ ಇಲ್ಲ, ಅದು ಬರಿಯ ಉಪಕರಣ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1942ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧ ಇಂದಿಗೂ ಚರ್ಚೆಯ ಬುನಾದಿ. ವಿಜ್ಞಾನಿಗಳ ಸಮುದಾಯವನ್ನು ನಾಲ್ಕು ಕಟ್ಟುಪಾಡುಗಳು ಹಿಡಿದಿಟ್ಟಿವೆ ಎಂದು ಅವರು ಹೇಳಿದರು: ಹೇಳಿದವರ ಜಾತಿ, ದೇಶ, ಅಂತಸ್ತು ನೋಡದೆ ಹೇಳಿದ್ದನ್ನಷ್ಟೇ ಪರೀಕ್ಷಿಸಬೇಕು, ಕಂಡುಕೊಂಡದ್ದು ಎಲ್ಲರ ಸೊತ್ತಾಗಬೇಕು, ಸ್ವಂತ ಲಾಭ ತೀರ್ಮಾನವನ್ನು ಬಾಗಿಸಬಾರದು, ಯಾವ ಮಾತನ್ನೂ ಪರೀಕ್ಷೆಗೆ ಒಡ್ಡದೆ ಒಪ್ಪಬಾರದು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವರ ಇನ್ನೊಂದು ಮಾತು. ವಿಜ್ಞಾನಿಗಳು ಉಳಿದವರಿಗಿಂತ ನೀತಿವಂತರು ಎನ್ನಲು ಆಧಾರವಿಲ್ಲ, ಒಬ್ಬರ ಕೆಲಸವನ್ನು ಇನ್ನೊಬ್ಬರು ಬಿಡದೆ ಪರೀಕ್ಷಿಸುವ ಏರ್ಪಾಡೇ ಅವರನ್ನು ಹಾದಿಯಲ್ಲಿ ಇಡುತ್ತದೆ ಎಂದು ಮರ್ಟನ್ ಹೇಳಿದರು. ನಾಜಿ ಜರ್ಮನಿಯಲ್ಲಿ ಐನ್‌ಸ್ಟೈನ್ ಅವರ ಸಿದ್ಧಾಂತವನ್ನು ‘ಯಹೂದಿ ಭೌತಶಾಸ್ತ್ರ’ ಎಂದು ಹೀಗಳೆಯುತ್ತಿದ್ದ ಕಾಲ ಅದು. ಹೀಗಳೆದವರ ಮುಂದಾಳುಗಳಾದ ಫಿಲಿಪ್ ಲೆನಾರ್ಡ್ ಮತ್ತು ಯೋಹಾನೆಸ್ ಸ್ಟಾರ್ಕ್ ಇಬ್ಬರೂ ನೊಬೆಲ್ ಪಡೆದ ಭೌತವಿಜ್ಞಾನಿಗಳು. ಪ್ರಶಸ್ತಿ ಇದ್ದ ಕಡೆ ಗುಣ ಇದ್ದೇ ಇರುತ್ತದೆ ಎಂಬ ಭರವಸೆ ಇಲ್ಲ.

ಏರ್ಪಾಡು ಮನುಷ್ಯನ ಒಳಕ್ಕೆ ಇಳಿಯುವ ಬಗೆಯನ್ನು ತೋಟದಲ್ಲೇ ನೋಡಬಹುದು. ಕಾಫಿ ಗಿಡದ ಬಿಳಿ ಕಾಂಡಕೊರಕ ಕೊಡಗಿನವರಿಗೆ ಬೋರರ್ ಎಂದೇ ಪರಿಚಿತ. ಅದರ ಮರಿಹುಳು ಅರೇಬಿಕಾ ಗಿಡದ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ತೊಗಟೆಯ ಮೇಲೆ ಉಬ್ಬಿದ ಗೆರೆಗಳನ್ನು ಹುಡುಕುತ್ತಾ ಸಾಲುಸಾಲಾಗಿ ಗಿಡ ನೋಡಿ, ಹುಳು ಹಿಡಿದದ್ದನ್ನು ಕಿತ್ತು ಸುಡುವುದಕ್ಕೆ ಟ್ರೇಸಿಂಗ್ ಎನ್ನುತ್ತಾರೆ. ಈಗ ಒಬ್ಬ ಸಂಶೋಧಕಿ ಕಾಂಡಕ್ಕೆ ಬಳಿಯುವ ಒಂದು ಲೇಪ ಹುಳುವನ್ನು ತಡೆಯುತ್ತದೆಯೇ ಎಂದು ತಿಳಿಯಲು ಹೊರಟಿದ್ದಾಳೆ ಎಂದುಕೊಳ್ಳಿ. ಎಲ್ಲ ಗಿಡಗಳಿಗೂ ಬಳಿದುಬಿಟ್ಟರೆ ಏನೂ ಗೊತ್ತಾಗುವುದಿಲ್ಲ. ಆ ವರ್ಷ ಹುಳು ಕಡಿಮೆಯಾದರೆ ಲೇಪದಿಂದಲೋ ಹವೆಯಿಂದಲೋ ಹೇಳುವಂತಿಲ್ಲ. ಆದ್ದರಿಂದ ಕೆಲವು ಸಾಲುಗಳನ್ನು ಏನೂ ಬಳಿಯದೆ ಬಿಡಬೇಕು.

ಬಿಡುವುದು ಹೇಳಿದಷ್ಟು ಹಗುರವಲ್ಲ. ಲೇಪ ಕೆಲಸ ಮಾಡುತ್ತದೆ ಎಂದು ಅವಳ ಮನಸ್ಸು ಒಪ್ಪಿಬಿಟ್ಟಿದೆ. ಬಿಟ್ಟ ಗಿಡಗಳು ಒಬ್ಬ ಬೆಳೆಗಾರರ ಸೊತ್ತು. ‘ಹುಳು ಬರುತ್ತದೆ ಎಂದು ಗೊತ್ತಿದ್ದೂ ಯಾಕಮ್ಮ ಬಿಡಬೇಕು’ ಎಂದು ಅವರು ಕೇಳಿದರೆ ಉತ್ತರ ಕೊಡಬೇಕು. ಗೊತ್ತಿದೆ ಎಂದು ನಾವು ಅಂದುಕೊಂಡಿದ್ದೇವೆ, ನಿಜವಾಗಿ ಗೊತ್ತಿಲ್ಲ ಎನ್ನುವುದೇ ಆ ಉತ್ತರ. ಇದನ್ನು ತೋಟದ ಯಜಮಾನರ ಮುಖ ನೋಡಿ ಹೇಳಬೇಕಾದಾಗ ಮೊದಲು ತನಗೆ ತಾನೇ ಹೇಳಿಕೊಂಡಿರಬೇಕಾಗುತ್ತದೆ.

ಯಾವ ಸಾಲು ಬಿಡುವುದು ಎಂಬುದು ಮುಂದಿನ ಪ್ರಶ್ನೆ. ಕೊಡಗಿನ ತೋಟ ಸಮತಟ್ಟಾದ ನೆಲವಲ್ಲ. ಬೆಟ್ಟದ ನೆತ್ತಿಯಲ್ಲಿ ಬಿಸಿಲು ಹೆಚ್ಚು, ತಗ್ಗಿನಲ್ಲಿ ತಂಪು ಹೆಚ್ಚು, ಸಿಲ್ವರ್ ಓಕಿನ ಕೆಳಗಿನ ನೆರಳು ಒಂದು ಬಗೆ, ಹಳೆಯ ಕಾಡುಮರದ ನೆರಳು ಇನ್ನೊಂದು ಬಗೆ. ಕೈಗೆ ಆರಿಸಲು ಬಿಟ್ಟರೆ ಅದು ತನಗರಿವಿಲ್ಲದೆ ತಂಪಿನ ಒಳ್ಳೆಯ ಗಿಡಗಳನ್ನು ಲೇಪಕ್ಕೂ ಬಡ ಗಿಡಗಳನ್ನು ಬಿಡುವುದಕ್ಕೂ ಆರಿಸುತ್ತದೆ. ಬೋರರ್ ಬಿಸಿಲಿನ ಗಿಡಕ್ಕೇ ಹೆಚ್ಚು ಬರುವುದರಿಂದ, ನೀರು ಬಳಿದರೂ ಲೇಪ ಗೆದ್ದಂತೆ ಕಾಣುತ್ತದೆ. ಆದ್ದರಿಂದ ಚೀಟಿ ಎತ್ತಬೇಕು. ಗುಡ್ಡವನ್ನು ಒಂದೇ ತೆರನ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನೊಳಗೆ ಯಾವ ಸಾಲಿಗೆ ಲೇಪ ಎಂಬುದನ್ನು ಚೀಟಿಗೆ ಬಿಡಬೇಕು. ಹುಳು ಎಣಿಸಲು ಬರುವವರಿಗೆ ಯಾವುದಕ್ಕೆ ಬಳಿದಿದೆ ಎಂದು ಸಾಧ್ಯವಾದಷ್ಟು ತಿಳಿಯದಂತೆಯೂ ನೋಡಿಕೊಳ್ಳಬೇಕು.

ಈ ಕ್ರಮಕ್ಕೆ ಒಂದು ಊರಿದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಗೋಧಿ ಪ್ರಯೋಗದಲ್ಲಿ ಗೊಬ್ಬರವನ್ನೇ ಕಾಣದ ಒಂದು ಪಟ್ಟೆ ಅಂದಿನಿಂದ ಹಾಗೆಯೇ ಉಳಿದುಕೊಂಡು ಬಂದಿದೆ. 1919ರಲ್ಲಿ ಅಲ್ಲಿಗೆ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹೊಲದ ಪ್ರಯೋಗಗಳಲ್ಲಿ ಚೀಟಿ ಎತ್ತುವುದೇ ನ್ಯಾಯವಾದ ದಾರಿ ಎಂಬುದನ್ನು ಗಣಿತದ ಬಲದಿಂದ ಸ್ಥಾಪಿಸಿದರು. ಇಂದು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವಾಗಲಿ, ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರವಾಗಲಿ, ಪೊನ್ನಂಪೇಟೆಯ ಅರಣ್ಯ ಕಾಲೇಜಾಗಲಿ, ಅಲ್ಲಿನ ಪ್ರಯೋಗಗಳು ಈ ಬುನಾದಿಯ ಮೇಲೆಯೇ ನಿಂತಿವೆ.

ಚೀಟಿ ಎತ್ತುವುದರಲ್ಲಿ ಒಂದು ಒಪ್ಪಿಗೆ ಅಡಗಿದೆ ಎಂದು ನಾನು ನಂಬುತ್ತೇನೆ. ‘ನನ್ನ ಕಣ್ಣು ನನ್ನ ಆಸೆಯ ಕಡೆಗೆ ಜಾರುತ್ತದೆ, ಅದಕ್ಕೆ ತಡೆ ಬೇಕು’ ಎಂಬ ಒಪ್ಪಿಗೆ. ಅದನ್ನು ಬಾಯಲ್ಲಿ ಹೇಳುವುದು ಯಾರಿಗೂ ಕಷ್ಟವಲ್ಲ. ಕೆಲಸದ ಮೊದಲ ಹೆಜ್ಜೆಯಾಗಿಯೇ ಅದನ್ನು ಮಾಡಬೇಕಾಗಿ ಬರುವ ವೃತ್ತಿಗಳು ಮಾತ್ರ ಕಡಿಮೆ.

ಆ ತಡೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ನಾನ್ಸಿ ನಗರದ ಕಥೆಯನ್ನು ನೋಡಬೇಕು. ಅಲ್ಲಿನ ಗೌರವಾನ್ವಿತ ಭೌತವಿಜ್ಞಾನಿ ರೆನೆ ಬ್ಲಾಂಡ್ಲೊ 1903ರಲ್ಲಿ ಹೊಸ ಕಿರಣವೊಂದನ್ನು ಕಂಡೆ ಎಂದು ಪ್ರಕಟಿಸಿದರು. ತಮ್ಮ ಊರಿನ ಹೆಸರಿನ ಮೇಲೆ ಅದನ್ನು ಎನ್-ಕಿರಣ ಎಂದು ಕರೆದರು. ಕತ್ತಲೆ ಕೋಣೆಯಲ್ಲಿ ಮಂದವಾಗಿ ಹೊಳೆಯುವ ವಸ್ತುವಿನ ಮೇಲೆ ಆ ಕಿರಣ ಬಿದ್ದರೆ ಹೊಳಪು ಸ್ವಲ್ಪ ಹೆಚ್ಚುತ್ತದೆ ಎಂಬುದು ಪುರಾವೆ. ಹೆಚ್ಚಿತೋ ಇಲ್ಲವೋ ಎಂದು ತೀರ್ಮಾನಿಸುವುದು ನೋಡುವವರ ಬರಿಗಣ್ಣು. ಫ್ರಾನ್ಸಿನಲ್ಲಿ ಎಷ್ಟೋ ಜನ ತಮಗೂ ಕಂಡಿತು ಎಂದರು. ಬೇರೆ ದೇಶಗಳ ಹಲವು ಪ್ರಯೋಗಾಲಯಗಳಲ್ಲಿ ಅದು ಕಾಣಲಿಲ್ಲ.

1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ನಾನ್ಸಿಗೆ ಹೋದರು. ಅಲ್ಯೂಮಿನಿಯಂ ಪಟ್ಟಕವೊಂದು ಕಿರಣಗಳನ್ನು ಬಿಡಿಸಿ ಹರಡುತ್ತದೆ ಎಂದು ಬ್ಲಾಂಡ್ಲೊ ತೋರಿಸುತ್ತಿದ್ದರು. ಕಿರಣ ಯಾವ ಯಾವ ಜಾಗದಲ್ಲಿ ಬೀಳುತ್ತಿದೆ ಎಂದು ಕತ್ತಲೆಯಲ್ಲಿ ನೋಡಿ ಅಳತೆ ಹೇಳುತ್ತಿದ್ದರು. ಆ ಕತ್ತಲೆಯಲ್ಲೇ ವುಡ್ ಪಟ್ಟಕವನ್ನು ಉಪಕರಣದಿಂದ ತೆಗೆದುಬಿಟ್ಟರು. ಪಟ್ಟಕವಿಲ್ಲದಿದ್ದರೂ ಅಳತೆಗಳು ಮೊದಲಿನಂತೆಯೇ ಬರುತ್ತಿದ್ದವು. ವುಡ್ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಬರೆದ ಮೇಲೆ ಎನ್-ಕಿರಣಗಳ ಕಥೆ ಮುಗಿಯಿತು. ಬ್ಲಾಂಡ್ಲೊ ಮೋಸಗಾರರಾಗಿರಲಿಲ್ಲ. ತಾವು ಕಂಡೆ ಎಂದುಕೊಂಡದ್ದನ್ನೇ ಅವರು ಹೇಳಿದರು. ವಿಜ್ಞಾನ ಬೇಡುವ ಪ್ರಾಮಾಣಿಕತೆ ನಿತ್ಯ ಜೀವನದ ಪ್ರಾಮಾಣಿಕತೆಗಿಂತ ಒಂದು ಹೆಜ್ಜೆ ಮುಂದಿದೆ ಎಂಬುದು ಇಲ್ಲಿ ಕಾಣುತ್ತದೆ. ಬೇರೆಯವರಿಗೆ ಸುಳ್ಳು ಹೇಳದಿದ್ದರೆ ಅಲ್ಲಿ ಸಾಲದು, ತಾನೇ ಮೋಸಹೋಗದಂತೆ ಮೊದಲೇ ಏರ್ಪಾಡು ಮಾಡಿಕೊಂಡಿರಬೇಕು.

ಚಾರ್ಲ್ಸ್ ಡಾರ್ವಿನ್ ಅಂಥ ಏರ್ಪಾಡನ್ನು ತಮಗೆ ತಾವೇ ಮಾಡಿಕೊಂಡಿದ್ದರು. ತಮ್ಮ ತೀರ್ಮಾನಕ್ಕೆ ಎದುರಾಗುವ ಯಾವುದೇ ಸಂಗತಿ ಅಥವಾ ಆಲೋಚನೆ ಕಣ್ಣಿಗೆ ಬಿದ್ದರೆ ತಡಮಾಡದೆ ಬರೆದಿಟ್ಟುಕೊಳ್ಳುವ ನಿಯಮವನ್ನು ಬಹಳ ವರ್ಷ ಪಾಲಿಸಿದ್ದಾಗಿ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಒಪ್ಪಿಗೆಯಾಗುವ ಸಂಗತಿಗಳಿಗಿಂತ ಎದುರಾಗುವ ಸಂಗತಿಗಳು ಬೇಗ ಮರೆತುಹೋಗುತ್ತವೆ ಎಂಬುದು ಅವರ ಅನುಭವ. ಇಷ್ಟು ಸರಳವಾದ, ಯಾರು ಬೇಕಾದರೂ ನಾಳೆಯಿಂದಲೇ ಮಾಡಬಹುದಾದ ಅಭ್ಯಾಸವೊಂದು ಅಷ್ಟು ದೊಡ್ಡ ಕೆಲಸದ ಹಿಂದೆ ಇತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕೇಳುವವರಿಗೆ ಹಿತವಾಗದ್ದನ್ನು ಹೇಳುವ ಗಟ್ಟಿತನ ಬೆಳೆಯುವುದೂ ಕೆಲಸದಿಂದಲೇ. ಇದಕ್ಕೆ ಕಾಫಿಯ ಚರಿತ್ರೆಯಲ್ಲೇ ಸಾಕ್ಷಿಗಳಿವೆ. 1860ರ ದಶಕದಲ್ಲಿ ಬೋರರ್ ಕೊಡಗಿನ ತೋಟಗಳನ್ನು ಹಾಳುಗೆಡವಿದಾಗ ಮದ್ರಾಸ್ ಸರ್ಕಾರ ವೈದ್ಯ ಜಾರ್ಜ್ ಬಿಡೀ ಅವರಿಗೆ ತನಿಖೆಯ ಕೆಲಸ ವಹಿಸಿತು. ತೋಟಗಾರರು ಕಾಡನ್ನು ಪೂರ್ತಿ ಸವರಿ ಬಿಸಿಲಿಗೆ ಕಾಫಿ ನೆಡುತ್ತಿದ್ದ ಕಾಲ ಅದು. ನೆರಳು ಹೋದದ್ದಕ್ಕೂ ಹುಳು ಹೆಚ್ಚಿದ್ದಕ್ಕೂ ಸಂಬಂಧವಿದೆ ಎಂದು ಬಿಡೀ ಅವರ ವರದಿ ಎತ್ತಿ ಹೇಳಿತು. ಇಂದು ಕೊಡಗಿನ ತೋಟ ಎಂದರೆ ಮರಗಳ ಕೆಳಗಿನ ತೋಟ ಎಂದೇ ನಮ್ಮ ಕಣ್ಣಿಗೆ ಬರುತ್ತದೆ. ಮರ ಕಡಿದು ದುಡ್ಡು ಸುರಿದವರ ಮುಂದೆ ಆ ಮಾತು ಹೇಳುವುದು ಆಗ ಸುಲಭವಾಗಿರಲಾರದು.

ಸಿಲೋನಿನಲ್ಲಿ, ಎಂದರೆ ಇಂದಿನ ಶ್ರೀಲಂಕೆಯಲ್ಲಿ, ಇದಕ್ಕಿಂತ ಕಠಿಣವಾದ ಪರೀಕ್ಷೆ ಎದುರಾಯಿತು. ಅಲ್ಲಿ 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕಾಫಿಯನ್ನು ತಿನ್ನುತ್ತಾ ಹೋಯಿತು. 1880ರಲ್ಲಿ ಇಪ್ಪತ್ತಾರು ವರ್ಷದ ಹ್ಯಾರಿ ಮಾರ್ಷಲ್ ವಾರ್ಡ್ ಅವರನ್ನು ಇಂಗ್ಲೆಂಡಿನಿಂದ ಕರೆಸಿದರು. ಔಷಧ ಬೇಕು ಎಂಬುದೊಂದೇ ತೋಟಗಾರರ ಬೇಡಿಕೆ. ರೋಗಕ್ಕೆ ಕಾರಣ ಒಂದು ಶಿಲೀಂಧ್ರ, ಅದರ ಬೀಜಕಣ ಎಲೆಯ ಮೇಲಿನ ನೀರಿನಲ್ಲಿ ಮೊಳೆತು ಒಳಗೆ ಇಳಿಯುತ್ತದೆ, ಗಾಳಿ ಅದನ್ನು ಹೊತ್ತೊಯ್ಯುತ್ತದೆ, ಬೆಟ್ಟಕ್ಕೆ ಬೆಟ್ಟವೇ ಒಂದೇ ಗಿಡದಿಂದ ತುಂಬಿರುವಾಗ ಅದಕ್ಕೆ ತಡೆಯೇ ಇಲ್ಲ ಎಂಬುದನ್ನು ವಾರ್ಡ್ ಎರಡು ವರ್ಷದಲ್ಲಿ ಬಿಡಿಸಿ ತೋರಿಸಿದರು. ಔಷಧ ಮಾತ್ರ ಅವರಲ್ಲಿ ಇರಲಿಲ್ಲ. ಇಲ್ಲದ್ದನ್ನು ಇದೆ ಎನ್ನಲಿಲ್ಲ. ಸಿಲೋನ್ ಕೊನೆಗೆ ಕಾಫಿ ಬಿಟ್ಟು ಚಹಾಕ್ಕೆ ತಿರುಗಿತು. ಯಾವುದೋ ಒಂದು ಪುಡಿಯನ್ನು ಔಷಧವೆಂದು ಕೊಟ್ಟಿದ್ದರೆ ಅವರು ಒಂದೆರಡು ವರ್ಷ ಎಲ್ಲರಿಗೂ ಬೇಕಾದವರಾಗಿರುತ್ತಿದ್ದರು. ಅವರು ಕೊಡಲಿಲ್ಲ. ಇಂದು ಸಸ್ಯರೋಗ ಓದುವ ಮಕ್ಕಳು ಅವರ ಹೆಸರನ್ನು ಗೌರವದಿಂದ ಕಲಿಯುತ್ತಾರೆ.

ಅದೇ ತುಕ್ಕು ರೋಗ ನಮ್ಮ ನಾಡಿನಲ್ಲಿ ಬೇರೊಂದು ಪಾಠ ಕಲಿಸಿತು. ಮೈಸೂರು ಸೀಮೆಯ ತೋಟಗಾರ ಕೆಂಟ್ 1911ರ ಸುಮಾರಿಗೆ ರೋಗ ತಾಳಿಕೊಳ್ಳುವ ಗಿಡವೊಂದನ್ನು ತಮ್ಮ ತೋಟದಲ್ಲೇ ಆರಿಸಿದರು. ಕೆಂಟ್ಸ್ ಎಂಬ ಆ ತಳಿಯನ್ನು ಜನ ನೆಚ್ಚಿಕೊಂಡು ನೆಟ್ಟರು. ಕೆಲವು ವರ್ಷಗಳಲ್ಲಿ ಅದಕ್ಕೂ ತುಕ್ಕು ಹಿಡಿಯಿತು. ಮೊದಲು ಆರಿಸಿದ್ದೇ ತಪ್ಪಿತ್ತೇ? 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಪ್ರಯೋಗ ಕೇಂದ್ರದ ವಿಲ್ಸನ್ ಮೇನ್ 1930ರ ದಶಕದ ಆರಂಭದಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು. ತುಕ್ಕು ಶಿಲೀಂಧ್ರದಲ್ಲೇ ಬೇರೆ ಬೇರೆ ಬಗೆಗಳಿವೆ. ಕೆಂಟ್ಸ್ ಒಂದು ಬಗೆಯನ್ನು ತಡೆಯುತ್ತದೆ, ಇನ್ನೊಂದು ಬಗೆ ಅದನ್ನು ದಾಟಿ ಬರುತ್ತದೆ. ಕೆಂಟ್ಸ್ ಅನ್ನು ಎಸ್.288 ಎಂಬ ಇನ್ನೊಂದು ತಳಿಯ ಜೊತೆ ಅಡ್ಡಹಾಯಿಸಿ 1940ರ ದಶಕದಲ್ಲಿ ಕೊಟ್ಟ ಎಸ್.795 ಇಂದಿಗೂ ಕೊಡಗಿನ ಅರೇಬಿಕಾ ತೋಟಗಳಲ್ಲಿ ನಿಂತಿದೆ. ಅದೂ ತುಕ್ಕಿನಿಂದ ಪೂರ್ತಿ ಪಾರಾದ ತಳಿಯಲ್ಲ.

ಕಾಫಿ ತಳಿಯ ಕೆಲಸ ಮಾಡುವವರಿಗೆ ತಾಳ್ಮೆ ಬರುವುದು ಹೀಗೆ. ನೆಟ್ಟ ಸಸಿ ಮೊದಲ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ಒಂದು ಅಡ್ಡತಳಿಯ ಯೋಗ್ಯತೆ ತಿಳಿಯಲು ಹಲವು ತಲೆಮಾರಿನ ಗಿಡಗಳನ್ನು ನೋಡಬೇಕು. ಸೇವೆಗೆ ಸೇರಿದಾಗ ಶುರು ಮಾಡಿದ್ದು ನಿವೃತ್ತಿಯ ಹೊತ್ತಿಗೂ ಮುಗಿದಿರದಿದ್ದರೆ ಮುಂದಿನವರಿಗೆ ಪುಸ್ತಕ ಒಪ್ಪಿಸಿ ಹೋಗಬೇಕು. ಆ ಪುಸ್ತಕ ತನ್ನ ಹೆಸರಿಗಲ್ಲ, ಇನ್ನೂ ನೋಡಿರದ ಒಬ್ಬರ ಉಪಯೋಗಕ್ಕೆ ಎಂಬ ತಿಳಿವಳಿಕೆಯಲ್ಲಿ ಅಕ್ಷರ ಬಿಡಿಬಿಡಿಯಾಗುತ್ತದೆ, ದಿನಾಂಕ ತಪ್ಪದೆ ಬೀಳುತ್ತದೆ, ಅಳತೆಯ ಪಕ್ಕ ಅಳೆದ ರೀತಿಯೂ ಸೇರುತ್ತದೆ. ಇದು ಔದಾರ್ಯದ ಒಂದು ರೂಪ ಎಂದೇ ನಾನು ಎಣಿಸುತ್ತೇನೆ. ಹೊರಗಿನವರಿಗೆ ಇದು ಕಾಣುವುದು ಕಡಿಮೆ.

ಅಳತೆಯ ಮಾತು ಬಂದಾಗ ಅಣ್ಣಾ ಮಣಿ ಅವರನ್ನು ನೆನೆಯಬೇಕು. 1918ರಲ್ಲಿ ಪೀರ್ಮೇಡಿನಲ್ಲಿ ಹುಟ್ಟಿದ ಅವರು ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಧ್ಯಯನ ಮಾಡಿದರು. ಒಂದು ಛಾಯಾಫಲಕಕ್ಕೆ ಹದಿನೈದು, ಇಪ್ಪತ್ತು ಗಂಟೆ ಬೆಳಕು ಹಿಡಿಯಬೇಕಿದ್ದರೆ ರಾತ್ರಿಯೂ ಅಲ್ಲೇ ಇರುತ್ತಿದ್ದರು. ಮುಂದೆ ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣಗಳ ಕೆಲಸ ವಹಿಸಿಕೊಂಡು, ಹೊರದೇಶದಿಂದ ತರಿಸುತ್ತಿದ್ದ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಕ್ರಮಪಡಿಸಿ ಇಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆ ಅಳತೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂಬುದು ಅವರ ನಿಲುವು. ಆದರೆ ಅವರ ಜೀವನದಲ್ಲಿ ವಿಜ್ಞಾನಲೋಕಕ್ಕೆ ಹಿರಿಮೆ ತಾರದ ಸಂಗತಿಯೂ ಇದೆ. ಐದು ಪ್ರಬಂಧ ಪ್ರಕಟಿಸಿ, ಡಾಕ್ಟರೇಟ್‌ಗೆ ಬೇಕಾದ ಮಹಾಪ್ರಬಂಧ ಬರೆದು ಕೊಟ್ಟರೂ, ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಅವರಿಗೆ ಪದವಿ ಕೊಡಲಿಲ್ಲ. ಹೇಳಿದ್ದನ್ನು ನೋಡಬೇಕು, ಹೇಳಿದವರನ್ನಲ್ಲ ಎಂಬ ಕಟ್ಟುಪಾಡು ಪುಸ್ತಕದಲ್ಲಿ ಇರುವಷ್ಟು ಭದ್ರವಾಗಿ ಸಂಸ್ಥೆಗಳಲ್ಲಿ ಇರುವುದಿಲ್ಲ.

ಒಂದು ಕಡೆ ಕಲಿತ ಗುಣ ಇನ್ನೊಂದು ಕಡೆಗೆ ತಾನಾಗಿ ನಡೆದು ಹೋಗುವುದೂ ಇಲ್ಲ. ಇದಕ್ಕೆ ಚೀಟಿ ಎತ್ತುವುದನ್ನು ಕಲಿಸಿದ ಅದೇ ಫಿಶರ್ ಸಾಕ್ಷಿ. 1950ರಲ್ಲಿ ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂದು ತೋರಿಸಿದರು. ಫಿಶರ್ ಒಪ್ಪಲಿಲ್ಲ. ಜನರನ್ನು ಚೀಟಿ ಎತ್ತಿ ಸೇದುವವರು, ಸೇದದವರು ಎಂದು ವಿಂಗಡಿಸಿಲ್ಲ, ಎರಡಕ್ಕೂ ಮೂಲವಾದ ವಂಶಗುಣ ಏಕೆ ಇರಬಾರದು ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಡಾಲ್ ಮತ್ತು ಹಿಲ್ 1951ರಲ್ಲಿ ಶುರು ಮಾಡಿ ಸುಮಾರು ನಲವತ್ತು ಸಾವಿರ ಬ್ರಿಟಿಷ್ ವೈದ್ಯರನ್ನು ವರ್ಷಗಟ್ಟಲೆ ಗಮನಿಸಿ ಪುರಾವೆ ಕೂಡಿಸಿದ ಮೇಲೂ ಅವರು ನಿಲುವು ಬದಲಿಸಲಿಲ್ಲ. ಫಿಶರ್ ಪೈಪ್ ಸೇದುತ್ತಿದ್ದರು, ತಂಬಾಕು ಉದ್ಯಮದ ಸಲಹೆಗಾರರೂ ಆಗಿದ್ದರು. ಗೋಧಿಯ ಹೊಲದಲ್ಲಿ ತಮ್ಮ ಕೈಯನ್ನು ನಂಬದಿರಲು ಜಗತ್ತಿಗೆ ಕಲಿಸಿದವರು ಈ ವಿಷಯದಲ್ಲಿ ತಮ್ಮ ಮನಸ್ಸನ್ನು ಅಷ್ಟೇ ಅನುಮಾನದಿಂದ ನೋಡಲಿಲ್ಲ.

ಹಾಗಾದರೆ ವಿಜ್ಞಾನ ಗುಣ ಕಲಿಸುತ್ತದೆ ಎನ್ನುವುದರಲ್ಲಿ ಅರ್ಥವಿದೆಯೇ? ಇದೆ, ಒಂದು ತಿದ್ದುಪಡಿಯೊಂದಿಗೆ. ಅಭ್ಯಾಸ ನಡೆದಷ್ಟು ಜಾಗದಲ್ಲಿ ಗುಣ ಬೆಳೆಯುತ್ತದೆ. ಪ್ರಯೋಗಾಲಯದಲ್ಲಿ ಎಚ್ಚರವಾಗಿರುವವರು ಸಹಾಯಕರ ಸಂಬಳದ ವಿಷಯದಲ್ಲಿ ಒರಟರಾಗಿರಬಹುದು, ಮನೆಯಲ್ಲಿ ಮಗಳ ಮಾತಿಗೆ ಕಿವಿಗೊಡದವರಾಗಿರಬಹುದು. ಅಭ್ಯಾಸವೇ ಬದಲಾದರೆ ಗುಣವೂ ಬದಲಾಗುತ್ತದೆ. ಬಡ್ತಿಗೆ ಪ್ರಬಂಧಗಳ ಎಣಿಕೆಯನ್ನೇ ಮಾನದಂಡ ಮಾಡಿದಲ್ಲಿ ಪರಿಣಾಮ ಕಾಣದ ಪ್ರಯೋಗವನ್ನು ಪೆಟ್ಟಿಗೆಗೆ ಹಾಕಿ ಮುಚ್ಚುವುದು, ಒಂದೇ ಕೆಲಸವನ್ನು ಮೂರು ತುಂಡು ಮಾಡಿ ಪ್ರಕಟಿಸುವುದು ರೂಢಿಯಾಗುತ್ತದೆ. ಎಳೆಯ ಸಂಶೋಧಕರು ಹಿರಿಯರ ಭಾಷಣದಿಂದ ಕಲಿಯುವುದು ಕಡಿಮೆ. ನಿರೀಕ್ಷೆಗೆ ಒಗ್ಗದ ಅಂಕಿ ಬಂದ ದಿನ ಹಿರಿಯರು ಏನು ಮಾಡುತ್ತಾರೆ ಎಂಬುದನ್ನು ನೋಡಿ ಅವರು ಕಲಿಯುತ್ತಾರೆ. ಆ ಅಂಕಿಯನ್ನು ಅವರ ಕಣ್ಣೆದುರೇ ಹೊಡೆದುಹಾಕಿದರೆ ಮುಂದೆ ಯಾವ ನೀತಿಪಾಠವೂ ಅದನ್ನು ತಿದ್ದಲಾರದು.

ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮರ ಎಣಿಸಲು ಹೋಗುವ ವಿದ್ಯಾರ್ಥಿಗಳಿಗೆ ಇನ್ನೊಂದು ಬಗೆಯ ಶಿಕ್ಷಣ ಸಿಗುತ್ತದೆ. ಮೊದಲು ತಕ್ಕರನ್ನು, ಎಂದರೆ ಊರಿನ ಮುಖ್ಯಸ್ಥರನ್ನು, ಕಂಡು ಒಪ್ಪಿಗೆ ಕೇಳಬೇಕು. ಕಡ್ಡಿ ಮುರಿಯಬಾರದು ಎಂಬ ಕಟ್ಟಳೆ ಇರುವ ಕಡೆ ಮಾದರಿ ತೆಗೆಯುವಂತಿಲ್ಲ, ಬಿದ್ದ ಎಲೆಯಿಂದಲೇ ಗುರುತು ಹಿಡಿಯಬೇಕು. ಎದೆಮಟ್ಟಕ್ಕೆ ಟೇಪು ಸುತ್ತಿ ಮರದ ಸುತ್ತಳತೆ ಬರೆಯುವಾಗ ಪಕ್ಕದಲ್ಲಿ ನಿಂತ ಊರಿನ ಹಿರಿಯರು ಸಸ್ಯಶಾಸ್ತ್ರದ ಹೆಸರಿಲ್ಲದೆಯೇ ಆ ಮರದ ತೊಗಟೆ, ಹೂ ಬಿಡುವ ಕಾಲ, ಬರುವ ಹಕ್ಕಿ ಎಲ್ಲವನ್ನೂ ಹೇಳುತ್ತಾರೆ. ಅದನ್ನು ಹೇಳಿದವರ ಹೆಸರಿನೊಂದಿಗೆ ಬರೆದುಕೊಳ್ಳುವ ವಿದ್ಯಾರ್ಥಿ ಒಂದು ದಾರಿಯಲ್ಲಿ ಬೆಳೆಯುತ್ತಾನೆ, ತನ್ನದೇ ಶೋಧವೆಂದು ಬರೆದುಕೊಳ್ಳುವವನು ಇನ್ನೊಂದು ದಾರಿಯಲ್ಲಿ. ಈ ಶತಮಾನದ ಆರಂಭದಲ್ಲಿ ಇಲ್ಲಿ ನಡೆದ ಅಧ್ಯಯನವೊಂದು ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ ಮೂರರಲ್ಲೂ ಮರ, ಹಕ್ಕಿ, ಅಣಬೆಗಳನ್ನು ಎಣಿಸಿತ್ತು. ಕಾಡನ್ನು ಪ್ರೀತಿಸಿ ಹೊರಟವರು ತೋಟದಲ್ಲಿ ಕಂಡ ಹಕ್ಕಿಗಳನ್ನೂ ಅಷ್ಟೇ ಪ್ರಾಮಾಣಿಕವಾಗಿ ಎಣಿಸಬೇಕಾಗುತ್ತದೆ. ಪ್ರೀತಿ ಇದ್ದೂ ಲೆಕ್ಕವನ್ನು ಬಾಗಿಸದಿರುವುದು ಬಹಳ ದೊಡ್ಡ ಸಂಯಮ.

ಆ ಸಂಯಮ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದು 2018ರ ಆಗಸ್ಟಿನಲ್ಲಿ. ಮಡಿಕೇರಿ ಸುತ್ತಲಿನ ಬೆಟ್ಟಗಳು ಜರಿದು ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆಯ ಜನ ಮನೆ, ತೋಟ ಕಳೆದುಕೊಂಡರು. ಕಾರಣವೇನು ಎಂದು ಎಲ್ಲರೂ ಕೇಳಿದರು, ಕೇಳುವುದು ಅವರ ಹಕ್ಕು. ಎಡೆಬಿಡದೆ ಸುರಿದ ಮಳೆ, ರಸ್ತೆಗೂ ಮನೆಗೂ ಕಡಿದ ಇಳಿಜಾರು, ಬದಲಾದ ನೆಲದ ಬಳಕೆ, ಮಣ್ಣಿನ ಆಳ, ನೀರು ಹರಿಯುವ ದಾರಿ ಇವೆಲ್ಲ ಒಂದೊಂದು ಬೆಟ್ಟದಲ್ಲಿ ಒಂದೊಂದು ಪ್ರಮಾಣದಲ್ಲಿ ಸೇರಿಕೊಂಡಿರುತ್ತವೆ. ಹಾಗಿದ್ದರೂ ಒಂದೇ ಕಾರಣ ಹೇಳಿ, ಒಬ್ಬರನ್ನೇ ತೋರಿಸಿ ಎಂಬ ಒತ್ತಡ ಎಲ್ಲ ಕಡೆಯಿಂದ ಬರುತ್ತದೆ. ನೊಂದವರ ಮುಂದೆ ನಿಂತು ‘ಈ ಬೆಟ್ಟದ ಬಗ್ಗೆ ಇಷ್ಟು ಅಳೆದಿದ್ದೇವೆ, ಇದನ್ನು ಹೇಳಬಲ್ಲೆವು, ಆ ಬೆಟ್ಟವನ್ನು ಅಳೆದಿಲ್ಲ, ಅದರ ಬಗ್ಗೆ ಹೇಳಲಾರೆವು’ ಎನ್ನುವ ಭೂವಿಜ್ಞಾನಿಯನ್ನು ಕಲ್ಲುಮನಸ್ಸಿನವರು ಎಂದು ಜನ ತಿಳಿಯಬಹುದು. ನಾನು ಅದನ್ನು ಕರುಣೆ ಎಂದು ತಿಳಿಯುತ್ತೇನೆ. ಏಕೆಂದರೆ ಆ ಮಾತನ್ನು ನಂಬಿ ಯಾರೋ ಮತ್ತೆ ಮನೆ ಕಟ್ಟುತ್ತಾರೆ.

1976ರ 42ನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿಸುವ ಮತ್ತು ಸುಧಾರಿಸುವ ಗುಣಗಳನ್ನು ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಕರ್ತವ್ಯ ಎಂದಿದೆ. ಶಾಲೆಗಳಲ್ಲಿ ಇದು ಬೇರೆಯವರ ಮೂಢನಂಬಿಕೆಯನ್ನು ಖಂಡಿಸುವ ಭಾಷಣ ಸ್ಪರ್ಧೆಯಾಗಿ ಮುಗಿಯುತ್ತದೆ. ಮನೋಭಾವ ಬೆಳೆಯುವುದು ಸ್ವಂತ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದಾಗ. ಕೊಡಗಿನ ಪ್ರೌಢಶಾಲೆಗಳ ಅಕ್ಕಪಕ್ಕದಲ್ಲೇ ಕಾಫಿ ಗಿಡಗಳಿರುವಾಗ ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಇಬ್ಬರು ಮಕ್ಕಳಿಗೆ ಅವೇ ಹತ್ತು ಗಿಡಗಳನ್ನು ತೋರಿಸಿ, ಗಿಡಕ್ಕೆ ಗೊತ್ತಾದಷ್ಟು ಎಲೆಗಳಲ್ಲಿ ತುಕ್ಕು ಹಿಡಿದವು ಎಷ್ಟು ಎಂದು ಬೇರೆ ಬೇರೆಯಾಗಿ ಎಣಿಸಿ ಬರಲು ಹೇಳಿ. ಒಬ್ಬರ ಚೀಟಿ ಇನ್ನೊಬ್ಬರು ನೋಡಬಾರದು. ತರಗತಿಗೆ ಬಂದ ಮೇಲೆ ಎರಡೂ ಲೆಕ್ಕವನ್ನು ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಿರಿ. ಅವು ತಾಳೆಯಾಗುವುದು ಅಪರೂಪ. ಒಬ್ಬಳು ಎಲೆಯ ಅಡಿಯನ್ನೂ ತಿರುವಿ ನೋಡಿರುತ್ತಾಳೆ, ಇನ್ನೊಬ್ಬ ಹಳದಿ ಚುಕ್ಕೆಯನ್ನೆಲ್ಲ ತುಕ್ಕು ಎಂದು ಸೇರಿಸಿರುತ್ತಾನೆ. ಯಾರದು ತಪ್ಪು ಎಂದು ಕೇಳದೆ, ಏನನ್ನು ತುಕ್ಕು ಎಂದು ಎಣಿಸಬೇಕು ಎಂಬುದನ್ನು ಅವರೇ ಮಾತಾಡಿ ತೀರ್ಮಾನಿಸಲಿ, ಅದನ್ನು ಹಲಗೆಯ ಮೇಲೆ ಬರೆಯಲಿ, ಮತ್ತೆ ಅವೇ ಗಿಡಗಳ ಬಳಿಗೆ ಹೋಗಲಿ.